ಎಂಟು ಸ್ಟಾಪಿನಾಚೆ ಅಕ್ಕ

ಮಾರ್ಚ್ 4, ಮಂಗಳವಾರ

ಅಕ್ಕನಿಗೆ ಮಾತು ಹೊರಡುತ್ತಿಲ್ಲವಂತೆ.

ಭಾನುವಾರ ಸಂಜೆ ಅವಳ ನಂಬರಿನಿಂದಲೇ ಫೋನು ಬಂತು. ವಾಡಿಕೆಯಂತೆ "ಏನೇ, ಊಟ ಆಯ್ತಾ" ಅಂದೆ. ಆ ಕಡೆ ಯಾರೋ ಬೇರೆ ಹೆಂಗಸು, ಚಿಕ್ಕ ಮಕ್ಕಳಿಗೆ ಹೇಳಿಕೊಡುವ ಹಾಗೆ ಒಂದೊಂದೇ ಇಂಗ್ಲಿಷ್ ಪದ ಬಿಡಿಸಿ ಮಾತಾಡುತ್ತಿದ್ದಳು. ಆಸ್ಪತ್ರೆಯ ನರ್ಸಮ್ಮ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ. ಮೂರು ಸಲ ಹೇಳಿಸಿಕೊಂಡ ಮೇಲೆ ಅರ್ಥವಾಯಿತು. ಶನಿವಾರ ಅಕ್ಕ ಲಾಂಡ್ರಿಯಲ್ಲಿ ಹೋಟೆಲಿನ ಚಾದರಗಳಿಗೆ ಇಸ್ತ್ರಿ ಹಾಕುತ್ತ ನಿಂತಿದ್ದವಳು ಹಾಗೇ ಕುಸಿದು ಬಿದ್ದಿದ್ದಾಳೆ. ಮೆದುಳಿನ ರಕ್ತನಾಳ ಕಟ್ಟಿಕೊಂಡಿದೆ. ಜೀವಕ್ಕೆ ಅಪಾಯವಿಲ್ಲ. ಬಲಗೈ ಬಲಗಾಲು ಏಳುತ್ತಿಲ್ಲ, ಮಾತಿಲ್ಲ. ಮನೆಯವರೊಬ್ಬರು 14ನೇ ತಾರೀಖಿನೊಳಗೆ ಬಂದು ಸಹಿ ಹಾಕಬೇಕು. ಬರದಿದ್ದರೆ ಯಾರೂ ಇಲ್ಲದವರನ್ನು ಇಡುವ ಕಡೆಗೆ, ಬೇರೆ ಊರಿಗೆ, ಕಳಿಸಿಬಿಡುತ್ತಾರೆ. ಅಲ್ಲಿಂದ ಬಿಡಿಸಿಕೊಳ್ಳಲು ತಿಂಗಳುಗಟ್ಟಲೆ ಓಡಾಡಬೇಕಂತೆ.

ಭಾವ ಹೋದ ಮೇಲೆ ಆ ದೇಶ ಸೇರಿದವಳು. ಹನ್ನೊಂದು ವರ್ಷವಾಯಿತು. ಮಕ್ಕಳಿಲ್ಲ. ಅವಳಿಗೆ ಮನೆಯವರು ಅಂದರೆ ನಾನೇ.

ನಮ್ಮ ಮನೆಯಲ್ಲಿ ಪಾಸ್‌ಪೋರ್ಟ್ ಇರುವುದೂ ನನಗೊಬ್ಬಳಿಗೇ. ಒಂದು ಸಲ ಬಂದು ನೋಡಿಕೊಂಡು ಹೋಗು ಎಂದು ಅಕ್ಕನೇ ಹಟ ಹಿಡಿದು ಮಾಡಿಸಿದ್ದಳು. ನಾನು ಇಂದು ನಾಳೆ ಎಂದು ತಳ್ಳುತ್ತಲೇ ಬಂದೆ. ಇವರಿಗೆ ಈಗ ಮಾಡಿಸಲು ಹೊರಟರೆ 14 ದಾಟಿಹೋಗುತ್ತದೆ. ಮಗಳು ಏಳು ತಿಂಗಳ ಬಸುರಿ.

ಹೀಗಾಗಿ ನಾನು ಹೋಗಬೇಕು. ಇಪ್ಪತ್ತಾರು ವರ್ಷ ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುತ್ತಿರುವವಳು. ಬೇರೆ ರೂಟಿನ ಬಸ್ಸು ಹತ್ತಬೇಕೆಂದರೂ ಇವರನ್ನು ಕೇಳುವವಳು. ಹೆದರಿಕೆಯನ್ನು ಇವರ ಮುಂದೆ ಆಡಿದರೆ ಇವರ ಬಿ.ಪಿ. ಏರುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮಾರ್ಚ್ 6, ಗುರುವಾರ

ನಾಳೆ ಬೆಳಿಗ್ಗೆ ವಿಮಾನ. ನಡುವೆ ಒಂದು ಕಡೆ ಇಳಿದು ಇನ್ನೊಂದು ಹತ್ತಬೇಕು. ಶನಿವಾರ ಮಧ್ಯಾಹ್ನ ಅಲ್ಲಿ.

ಮಗಳು ಒಂದು ಹಾಳೆಯ ತುಂಬ ಬರೆದುಕೊಟ್ಟಿದ್ದಾಳೆ. ಯಾರು ಕೇಳಿದರೂ ಚೀಲ ಕೊಡಬೇಡ. ಹೊರಗೆ ಕರೆಯುವವರ ಹಿಂದೆ ಹೋಗಬೇಡ, ಸಾಲಿನಲ್ಲಿ ನಿಂತ ಟ್ಯಾಕ್ಸಿಯನ್ನೇ ಹತ್ತು, ಮೀಟರು ಹಾಕಿಸು. ಪಾಸ್‌ಪೋರ್ಟ್ ಕೈಬಿಡಬೇಡ. ಏರ್‌ಪೋರ್ಟಿನಿಂದ ನೆಟ್ಟಗೆ ಆಸ್ಪತ್ರೆಗೆ ಹೋಗು, ದೊಡ್ಡಮ್ಮನ ರೂಮಿನ ಬೀಗದಕೈ ನರ್ಸ್ ಹತ್ತಿರ ಇದೆ. ಪಾಠ ಒಪ್ಪಿಸುವ ಹಾಗೆ ನನ್ನಿಂದ ಎರಡು ಸಲ ಹೇಳಿಸಿದಳು. ಹೇಳುವಾಗ ಎಲ್ಲ ಸರಿಯಾಗಿ ಹೇಳಿದೆ.

ಊಟ ಸೇರಲಿಲ್ಲ.

ಮಾರ್ಚ್ 8, ಶನಿವಾರ

ಬಂದು ತಲುಪಿದ್ದೇನೆ. ಆಸ್ಪತ್ರೆಗಲ್ಲ, ಒಂದು ಲಾಡ್ಜಿಗೆ. ನಡೆದದ್ದನ್ನು ಮೊದಲಿನಿಂದ ಬರೆಯುತ್ತೇನೆ, ತಲೆ ಸ್ವಲ್ಪ ತಿಳಿಯಾಗಲಿ.

ಪಾಸ್‌ಪೋರ್ಟಿಗೆ ಠಸ್ಸೆ ಹಾಕಿಸಿಕೊಂಡು ಹೊರಗೆ ಬರುವವರೆಗೆ ಜನ ಹೋದ ಕಡೆ ಹೋದೆ. ಗಾಜಿನ ಬಾಗಿಲು ದಾಟಿದ್ದೇ ತಡ, ಇಪ್ಪತ್ತು ಮೂವತ್ತು ಗಂಡಸರು ಒಟ್ಟಿಗೆ ಕೂಗತೊಡಗಿದರು. ಒಬ್ಬ ನನ್ನ ಪೆಟ್ಟಿಗೆಯ ಹಿಡಿಗೇ ಕೈಹಾಕಿದ. ಎಳೆದುಕೊಂಡು ಒಂದು ಕಂಬದ ಮರೆಗೆ ನಿಂತೆ. ಫೋನು ತೆಗೆದರೆ ಅದರಲ್ಲಿ ಸಿಗ್ನಲ್ಲೇ ಇಲ್ಲ. ಟ್ಯಾಕ್ಸಿ ಸಾಲು ಎಲ್ಲಿದೆಯೋ ಕಾಣಲಿಲ್ಲ. ಬೋರ್ಡುಗಳೆಲ್ಲ ನನಗೆ ಬಾರದ ಲಿಪಿಯಲ್ಲಿ. ಬಾಯಿಂದ ತಾನಾಗಿ ಬಂತು, "ಈಗೇನ್ ಮಾಡ್ಲಪ್ಪಾ."

"ಏನಮ್ಮಾ, ನಮ್ಮೋರಾ?"

ನಮ್ಮ ಮಾತು! ತಿರುಗಿದರೆ ಹಸಿರು ಕೋಟಿನ ಹೆಂಗಸು, ಕೊರಳಲ್ಲಿ ಫೋಟೊ ಇರುವ ಕಾರ್ಡು. ನಲವತ್ತು ಇರಬಹುದು. ನಕ್ಕಳು. ನಕ್ಕಾಗ ನಾನು ನೋಡುವುದು ಹಲ್ಲು, ಅಭ್ಯಾಸಬಲ. ಮೇಲಿನ ಸಾಲಿನಲ್ಲಿ ಎಡಗಡೆ ಒಂದು ಕಟ್ಟಿಸಿದ್ದು, ವಸಡಿನ ಬಣ್ಣ ತೀರ ಗುಲಾಬಿ. ಪಾಪ, ಯಾರೋ ಕೆಟ್ಟದಾಗಿ ಮಾಡಿಕೊಟ್ಟಿದ್ದಾರೆ ಅನ್ನಿಸಿತು. ಆ 'ಪಾಪ' ಅನ್ನಿಸಿದ್ದೇ ಸರಿ, ಕಣ್ಣಲ್ಲಿ ನೀರು ಬಂದುಬಿಟ್ಟಿತು. ಎಲ್ಲ ಹೇಳಿಕೊಂಡೆ. ಅಕ್ಕ, ಆಸ್ಪತ್ರೆ, ವಾರ್ಡು, 14ನೇ ತಾರೀಖು, ಎಲ್ಲ.

ಬಂದಿಳಿಯುವವರಿಗೆ ಸಹಾಯ ಮಾಡುವುದೇ ತನ್ನ ಕೆಲಸ ಅಂದಳು. ಪೆಟ್ಟಿಗೆ ಅವಳೇ ತಳ್ಳಿದಳು. ಒಂದು ಅಂಗಡಿಯಲ್ಲಿ ಸಿಮ್ ಕೊಡಿಸಿದಳು. ಬೆಲೆ ಕೇಳಿ ಇಷ್ಟೊಂದಾ ಎಂದೆ, ಇಲ್ಲಿ ಎಲ್ಲ ದುಬಾರಿ ಅಂದಳು. ಟ್ಯಾಕ್ಸಿ ಸಾಲು ಎಂದೆ. ಅದು ಟೂರಿಗೆ ಬರುವ ಸಾಹುಕಾರರಿಗೆ ಎಂದು ಕಾರು ನಿಲ್ಲಿಸುವ ಕಟ್ಟಡದ ಹಿಂದಕ್ಕೆ ಕರೆದುಕೊಂಡು ಹೋದಳು. ಅಲ್ಲಿದ್ದ ಕಾರಿಗೆ ಮೀಟರು ಇರಲಿಲ್ಲ.

ದಾರಿಯಲ್ಲಿ ಹೇಳಿದಳು, ಹೊರದೇಶದವರು ಆಸ್ಪತ್ರೆಯೊಳಗೆ ಹೋಗಬೇಕಾದರೆ ಸರ್ಕಾರದ ಚೀಟಿ ಬೇಕಂತೆ. ಅದಿಲ್ಲದೆ ಹೋದರೆ ಬಾಗಿಲಲ್ಲೇ ಹಿಡಿದು ವಾಪಸ್ ವಿಮಾನ ಹತ್ತಿಸುತ್ತಾರಂತೆ. ಮಗಳಿಗೆ ಇದು ಗೊತ್ತಿರಲಿಕ್ಕಿಲ್ಲ. ಕಾರಿನವನು ಮಗಳು ಹೇಳಿದ್ದಕ್ಕಿಂತ ನಾಲ್ಕು ಪಟ್ಟು ಕೇಳಿದ. ತೆರಿಗೆ ಸೇರಿದೆ ಅಂದಳು. ಕೊಟ್ಟೆ.

ಚೀಟಿ ಸಿಗುವವರೆಗೆ ಇಲ್ಲಿರಿ ಎಂದು ಈ ಲಾಡ್ಜಿನಲ್ಲಿ ಇಳಿಸಿದಳು. ಚೀಟಿ ಮಾಡಿಸಲು ಪಾಸ್‌ಪೋರ್ಟ್ ಕೇಳಿದಳು. ಮಗಳ ಹಾಳೆ ಪರ್ಸಿನಲ್ಲೇ ಇತ್ತು. ಒಂದು ಗಳಿಗೆ ತಡೆದೆ. "ನನ್ನ ಮೇಲೆ ನಂಬಿಕೆ ಇಲ್ವಾ ಅಕ್ಕಾ?" ಅಂದಳು. ನಾಚಿಕೆಯಾಯಿತು. ಕೊಟ್ಟೆ.

ಪುಣ್ಯ, ಪರದೇಶದಲ್ಲಿ ನಮ್ಮವರೊಬ್ಬರು ಸಿಕ್ಕಿದರು. ಹಾಗಂತ ಆಗಿನಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಮಾರ್ಚ್ 9, ಭಾನುವಾರ

ಭಾನುವಾರ, ಕಚೇರಿ ರಜೆಯಂತೆ. ಹಸಿರು ಕೋಟಿನವಳೇ ಫೋನು ಮಾಡಿ ಹೇಳಿದಳು. ನಾನು ಮಾಡಿದರೆ ಯಾರಿಗೂ ಹೋಗುವುದಿಲ್ಲ, ಈ ಸಿಮ್ಮಿಗೆ ಬರೀ ಬರುತ್ತದೆ. ತಲುಪಿದೆ ಎಂದು ಇವರಿಗೆ ಒಂದು ಮಾತು ಹೇಳಲಾಗಿಲ್ಲ. ಇವರು ಈಗ ಎಷ್ಟು ಮಾತ್ರೆ ನುಂಗಿದ್ದಾರೋ.

ಬಾಗಿಲಿನ ಚಿಲಕ ಕೂರುವುದಿಲ್ಲ. ಕುರ್ಚಿ ಒತ್ತಿ ಇಟ್ಟಿದ್ದೇನೆ, ಕುರ್ಚಿಯ ಮೇಲೆ ಪೆಟ್ಟಿಗೆ. ಹೊರಗೆ ಯಾರಾದರೂ ನಡೆದರೆ ಹೆಜ್ಜೆ ದಾಟಿ ಹೋಗುವವರೆಗೆ ಉಸಿರು ಬಿಡುವುದಿಲ್ಲ. ಕಿಟಕಿಯಾಚೆ ಗೋಡೆ. ಪಕ್ಕಕ್ಕೆ ಬಾಗಿದರೆ ರಸ್ತೆಯ ಒಂದು ಚೂರು ಕಾಣುತ್ತದೆ.

ಮಾರ್ಚ್ 10, ಸೋಮವಾರ

ಮಧ್ಯಾಹ್ನ ಬಂದಳು. ಚೀಟಿ ತರಲಿಲ್ಲ. ಅಕ್ಕ ಕೆಲಸಕ್ಕೆ ಬಂದವಳಾದ್ದರಿಂದ ಫೀಸು ಹೆಚ್ಚಂತೆ, ಇನ್ನಷ್ಟು ಕೊಡಬೇಕಂತೆ. ಕೊಟ್ಟೆ. ಇನ್ನೆಷ್ಟು ಉಳಿದಿದೆ ಅಕ್ಕಾ ಎಂದು ಕೇಳಿದಳು, ಅದನ್ನೂ ಹೇಳಿದೆ. ಅವಳು ಮೆಟ್ಟಿಲು ಇಳಿದು ಹೋದ ಮೇಲೆ ಯಾಕೆ ಹೇಳಿದೆ ಅನ್ನಿಸಿತು.

ಬ್ರೆಡ್ಡು ತರಲು ಕೆಳಗೆ ಇಳಿದೆ. ಕೌಂಟರಿನವನು ಎದ್ದು ಬಾಗಿಲಿಗೆ ಅಡ್ಡ ನಿಂತ. ಪೊಲೀಸು, ಪಾಸ್‌ಪೋರ್ಟ್, ಜೈಲು, ಈ ಮೂರೇ ಇಂಗ್ಲಿಷ್ ಪದ ಹೇಳಿ ಎರಡೂ ಮಣಿಕಟ್ಟು ಜೋಡಿಸಿ ಕೋಳ ಹಾಕುವ ಹಾಗೆ ತೋರಿಸಿದ. ಆಮೇಲೆ ಬ್ರೆಡ್ಡು ಅವನೇ ತಂದುಕೊಟ್ಟ. ಮನೆಯಲ್ಲಿ ಆ ದುಡ್ಡಿಗೆ ಒಂದು ವಾರದ ತರಕಾರಿ ಬರುತ್ತದೆ.

ಅವನು ಹೇಳಿದ್ದೂ ಸುಳ್ಳಲ್ಲವಲ್ಲ. ಪಾಸ್‌ಪೋರ್ಟ್ ಇಲ್ಲದೆ ಸಿಕ್ಕಿಬಿದ್ದರೆ ನಾನು ಯಾರು ಎಂದು ಯಾರಿಗೆ ಗೊತ್ತು? ಆಗ ಅಕ್ಕನಿಗೆ ಯಾರು?

ಮಾರ್ಚ್ 11, ಮಂಗಳವಾರ

ಇವತ್ತೂ ಇಲ್ಲ. ನಾಳೆ ಅಂದಳು. ಇನ್ನು ಮೂರು ದಿನ.

ಅವಳು ಕಳ್ಳಿ ಎಂದು ಬರೆಯಲು ಕೈ ಬರುತ್ತಿಲ್ಲ. ಬರೆದುಬಿಟ್ಟರೆ ನಿಜವಾಗಿಬಿಡುತ್ತದೆ.

ಮಾರ್ಚ್ 12, ಬುಧವಾರ

ಅಕ್ಕನನ್ನು ನೋಡಿದೆ. ಅವಳ ಮಂಚದ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಕಸ ಗುಡಿಸುವಾಕೆ ಬಾಗಿಲು ತಟ್ಟಿದಳು. ನನಗಿಂತ ಹಿರಿಯಳು, ಮೊಣಕಾಲು ಎಳೆಯುತ್ತ ನಡೆಯುವವಳು. ನಾನು ಆಸ್ಪತ್ರೆಯವರು ಕಳಿಸಿದ ಕಾಗದ ಹಾಸಿಗೆಯ ಮೇಲೆ ಬಿಡಿಸಿಟ್ಟುಕೊಂಡು ಅಳುತ್ತ ಕೂತಿದ್ದೆ. ನಮ್ಮಿಬ್ಬರಿಗೂ ಆಗುವ ಒಂದು ಪದವೂ ಇಲ್ಲ. ಅವಳು ಕಾಗದ ನೋಡಿದಳು, ಅದರಲ್ಲಿದ್ದ ಅಕ್ಕನ ಫೋಟೊ ನೋಡಿದಳು. ಆಮೇಲೆ ಅಂಗೈಯನ್ನು ಪುಸ್ತಕದ ಹಾಗೆ ತೆರೆದು ಮುಚ್ಚಿ, ಎಲ್ಲಿ ಎಂದು ಕೈ ತಿರುವಿದಳು. ಪಾಸ್‌ಪೋರ್ಟ್ ಕೇಳುತ್ತಿದ್ದಾಳೆಂದು ತಿಳಿಯಿತು. ನಾನು ನನ್ನ ಮೈಮೇಲೆ ಕೋಟು ಇರುವ ಹಾಗೆ ಗುಂಡಿ ಹಾಕಿ ತೋರಿಸಿದೆ. ಅವಳು ಹಣೆ ಹಣೆ ಬಡಿದುಕೊಂಡಳು. ನಾನು ಕೂತ ಹಾಸಿಗೆಯನ್ನು ತೋರಿಸಿ ಒಂದು, ಎರಡು, ಮೂರು, ನಾಲ್ಕು ಎಂದು ಬೆರಳು ಎಣಿಸಿ, ಕೆನ್ನೆಯ ಮೇಲೆ ಕಣ್ಣೀರು ಇಳಿಯುವ ಹಾಗೆ ಬೆರಳು ಎಳೆದಳು. ನನಗಿಂತ ಮುಂಚೆ ನಾಲ್ಕು ಜನ ಇದೇ ಹಾಸಿಗೆಯ ಮೇಲೆ ಅತ್ತು ಹೋಗಿದ್ದಾರೆ.

ಅದಕ್ಕಿಂತ ಹೆಚ್ಚು ಹೆದರಿಕೆಯಾದದ್ದು ಅವಳು ಮುಂದೆ ಮಾಡಿದ್ದಕ್ಕೆ. ಜೇಬಿನಿಂದ ಪೆನ್ನು ತೆಗೆದು ನನ್ನ ಅಂಗೈ ಮೇಲೆ 14 ಎಂದು ಬರೆದಳು. ಬಸ್ಸಿನ ಸ್ಟಿಯರಿಂಗು ತಿರುಗಿಸುವ ಹಾಗೆ ಕೈ ಆಡಿಸಿದಳು, ಅದು ಬಸ್ಸಿನ ನಂಬರು. ಎಂಟು ಬೆರಳು ಎತ್ತಿದಳು. ಕಾಗದದಲ್ಲಿದ್ದ ಆಸ್ಪತ್ರೆಯ ಹೆಸರಿನ ಮೇಲೆ ಬೆರಳಿಟ್ಟಳು. ನಾಲ್ಕು ದಿನದಿಂದ ನಾನು ಅಕ್ಕನಿಗೆ ಎಂಟು ಸ್ಟಾಪು ದೂರದಲ್ಲಿ ಕೂತಿದ್ದೆ.

ಆಗಲ್ಲ ಎಂದು ತಲೆ ಅಲ್ಲಾಡಿಸಿದೆ. ಪೊಲೀಸರು ಎಂದು ಮಣಿಕಟ್ಟು ಜೋಡಿಸಿದೆ. ಅವಳು ನನ್ನ ಮಣಿಕಟ್ಟುಗಳನ್ನು ಬಿಡಿಸಿ, ನನ್ನ ಪೆಟ್ಟಿಗೆಯನ್ನು ತನ್ನ ತಳ್ಳುಗಾಡಿಯೊಳಗಿಟ್ಟು ಮೇಲೆ ಕೊಳೆ ಚಾದರಗಳನ್ನು ಮುಚ್ಚಿದಳು. ಪೆಟ್ಟಿಗೆ ಹೋದ ಮೇಲೆ ನಾನೂ ಹೋಗಲೇಬೇಕಾಯಿತು.

ಹಿಂದಿನ ಮೆಟ್ಟಿಲು. ಕೆಳಗೆ ಬಟ್ಟೆ ಒಗೆಯುವ ತೊಟ್ಟಿಗಳ ಪಕ್ಕದಲ್ಲಿ ಹೋಗುವಾಗ ಕೌಂಟರಿನವನ ಕೆಮ್ಮು ಗೋಡೆಯಾಚೆಯೇ ಕೇಳಿಸಿತು. ನಾನು ಅಲ್ಲೇ ನಿಂತುಬಿಟ್ಟೆ. ಆಕೆ ಜೋರಾಗಿ ಬಕೀಟು ಎಳೆಯುತ್ತ ಏನೋ ಗೊಣಗುತ್ತ ನಡೆದಳು, ಆ ಸದ್ದಿನ ಮರೆಯಲ್ಲಿ ನನ್ನನ್ನು ದಾಟಿಸಿದಳು. ಬಸ್ಸು ಬಂದಾಗ ಬೆನ್ನ ಮೇಲೆ ಕೈಯಿಟ್ಟು ಹತ್ತಿಸಿದಳು.

ಒಂದೊಂದು ಸ್ಟಾಪಿಗೆ ಒಂದೊಂದು ಬೆರಳು ಮಡಚುತ್ತ ಕೂತೆ. ಐದನೇ ಸ್ಟಾಪಿನಲ್ಲಿ ಇಬ್ಬರು ಪೊಲೀಸರು ಹತ್ತಿದರು. ನನ್ನನ್ನೇ ಹುಡುಕಿಕೊಂಡು ಬಂದಿದ್ದಾರೆ ಅನ್ನಿಸಿತು. ಒಬ್ಬ ನನ್ನ ಸೀಟಿನ ಪಕ್ಕದ ಕಂಬಿಯನ್ನೇ ಹಿಡಿದು ನಿಂತ. ಅಂಗೈ ಬೆವರಿ 14 ಅಳಿಸತೊಡಗಿತ್ತು. ಆರನೆಯದೋ ಏಳನೆಯದೋ ಲೆಕ್ಕ ತಪ್ಪಿತು. ಅವರು ಇಳಿದ ಮೇಲೆ ಕಾಗದ ತೆಗೆದು ಕಿಟಕಿಯ ಹೊರಗೆ ನೋಡುತ್ತ ಕೂತೆ. ಆ ಅಕ್ಷರಗಳನ್ನು ಓದಲು ನನಗೆ ಬಾರದು, ಆದರೆ ಗೆರೆಗೆ ಗೆರೆ ತಾಳೆ ನೋಡುವುದು ನನ್ನ ದಿನದ ಕೆಲಸ. ಒಂದು ದೊಡ್ಡ ಬಿಳಿ ಕಟ್ಟಡದ ಮೇಲೆ ಅದೇ ಅಕ್ಷರಗಳು ಕಂಡವು. ಇಳಿದೆ.

ಒಳಗೆ ಮೇಜಿನ ಹುಡುಗಿ ನನ್ನ ಹೆಸರು ಕೇಳಿ ಪುಸ್ತಕದಲ್ಲಿ ಬರೆದುಕೊಂಡು, ಎದೆಗೆ ಅಂಟಿಸಿಕೊಳ್ಳಲು ಒಂದು ಕಾಗದದ ತುಂಡು ಕೊಟ್ಟಳು. ಚೀಟಿ? ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಚೀಟಿಯೂ ಇಲ್ಲ, ಫೀಸೂ ಇಲ್ಲ. ಅಷ್ಟೇ.

ಅಕ್ಕ ಕಿಟಕಿಯ ಪಕ್ಕದ ಮಂಚದಲ್ಲಿದ್ದಳು. ಬಾಯಿಯ ಬಲ ಮೂಲೆ ಕೆಳಗೆ ಜೋತಿತ್ತು. ನನ್ನನ್ನು ನೋಡಿ ಮುಖ ಗೋಡೆಗೆ ತಿರುಗಿಸಿದಳು. ನಾನು ಆ ಕಡೆಗೆ ಹೋಗಿ ನಿಂತೆ. ಎಡಗೈ ಎತ್ತಿ ಕೆನ್ನೆಗೊಂದು ಕೊಟ್ಟಳು. ಜೋರೇನಲ್ಲ, ಅವಳಲ್ಲಿದ್ದದ್ದೇ ಅಷ್ಟು ಶಕ್ತಿ. ಆಮೇಲೆ ಅದೇ ಕೈಯಲ್ಲಿ ನನ್ನ ಸ್ವೆಟರಿನ ತೋಳು ಹಿಡಿದವಳು ಇನ್ನೂ ಬಿಟ್ಟಿಲ್ಲ. ಎಡಗೈಯಲ್ಲಿ ಡೈರಿ ಒತ್ತಿ ಹಿಡಿಯಲಾಗದೆ ಅಕ್ಷರ ಸೊಟ್ಟಗಾಗುತ್ತಿದೆ.

ಸಹಿ ಹಾಕಿದೆ. ಅವಳನ್ನು ಎಲ್ಲಿಗೂ ಕಳಿಸುವುದಿಲ್ಲ.

ನರ್ಸಮ್ಮ ತನ್ನ ಫೋನಿನಿಂದ ಮನೆಗೆ ಮಾಡಿಕೊಟ್ಟಳು. ಇವರು ಹಲೋ ಅಂದರು. ಇವರು ಅಳುವುದನ್ನು ನಾನು ಈವರೆಗೆ ಕೇಳಿರಲಿಲ್ಲ.

ಮಾರ್ಚ್ 13, ಗುರುವಾರ

ಇಪ್ಪತ್ತನೇ ತಾರೀಖಿನ ಮೇಲೆ ಅಕ್ಕ ಪ್ರಯಾಣ ಮಾಡಬಹುದು ಎಂದರು ಡಾಕ್ಟರು. ಅವಳ ಕೆಲಸದ ಪರವಾನಗಿ ತಿಂಗಳ ಕೊನೆಗೆ ಮುಗಿಯುತ್ತದೆ, ಅಷ್ಟರೊಳಗೆ ಹೊರಡಲೇಬೇಕು. ನಮ್ಮ ದೇಶದ ರಾಯಭಾರ ಕಚೇರಿಯಲ್ಲಿ ಹೊಸ ಪಾಸ್‌ಪೋರ್ಟಿಗೆ ಮೂರು ವಾರ ಅಂದರು. ಎತ್ತ ನೋಡಿದರೂ ಗೋಡೆ.

ನರ್ಸಮ್ಮ ತನ್ನ ಪಾಳಿ ಮುಗಿಸಿ ನನ್ನನ್ನು ಏರ್‌ಪೋರ್ಟಿನ ಪೊಲೀಸ್ ಕಚೇರಿಗೆ ಕರೆದುಕೊಂಡು ಹೋದಳು. ದಪ್ಪ ಕನ್ನಡಕದ ಅಧಿಕಾರಿ, ಬೇಸತ್ತ ಮುಖ. ಇಂಥ ದೂರು ತಿಂಗಳಿಗೆ ಹತ್ತು ಬರುತ್ತವಂತೆ. ಹಸಿರು ಕೋಟು, ಕಪ್ಪು ಕೂದಲು ಎಂದರೆ ಯಾರನ್ನು ಹಿಡಿಯಲಿ ಅಂದ. ನಾನು ಅವನ ಪೆನ್ನು ಕೇಳಿ ತೆಗೆದುಕೊಂಡು ಅವಳ ಮೇಲಿನ ಸಾಲಿನ ಹಲ್ಲು ಬರೆದು ತೋರಿಸಿದೆ. ಯಾವುದು ಕಟ್ಟಿಸಿದ್ದು, ಯಾವುದು ತಿರುಗಿದೆ, ಎಲ್ಲಿ ಸಂದು. ಅವನು ಕನ್ನಡಕ ಹಣೆಗೇರಿಸಿ ಅದನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಕೂರಲು ಕುರ್ಚಿ ಬಂದದ್ದು ಆಗಲೇ.

ದೂರು ಕೊಟ್ಟವರೆಲ್ಲ ಹೇಗೋ ಬಿಡಿಸಿಕೊಂಡು ಊರಿಗೆ ಹೋಗಿಬಿಡುತ್ತಾರೆ, ಎದುರು ನಿಂತು ಇವಳೇ ಎನ್ನಲು ಯಾರೂ ಉಳಿಯುವುದಿಲ್ಲ ಎಂದ. ನೀವು ಬಂದು ಕೂತು ತೋರಿಸುತ್ತೀರಾ? ನನ್ನಿಂದ ಆಗುವುದಿಲ್ಲ ಎಂದು ಹೇಳಿ ಎದ್ದು ಬಂದೆ.

ಆಗುವುದಿಲ್ಲ. ಅವಳ ಮುಖ ಮತ್ತೆ ನೋಡಿದರೆ ನಾನು ಅಲ್ಲೇ ಬಿದ್ದುಹೋಗುತ್ತೇನೆ.

ಅಕ್ಕನಿಗೆ ಸಂಜೆ ಎಲ್ಲ ಹೇಳಿದೆ. ಅವಳು ರೆಪ್ಪೆ ಬಡಿಯದೆ ನನ್ನನ್ನು ನೋಡುತ್ತಿದ್ದಳು. ಬೈಯಲು ಬಾಯಿದ್ದಿದ್ದರೆ ವಾಸಿಯಿತ್ತು.

ಮಾರ್ಚ್ 14, ಶುಕ್ರವಾರ

ಹೋದೆ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಜನ ಹೊರಬರುವ ಬಾಗಿಲ ಎದುರು ಕೂತಿದ್ದೆ. ಅವಳನ್ನು ಕಂಡರೆ ತಲೆಯ ಮೇಲಿನ ವಸ್ತ್ರ ತೆಗೆಯಬೇಕು, ಹತ್ತಿರ ಹೋಗಬಾರದು. ಅಧಿಕಾರಿಯ ಇಬ್ಬರು ಪೊಲೀಸರು ಮಾಮೂಲಿ ಬಟ್ಟೆಯಲ್ಲಿ ದೂರ ನಿಂತಿದ್ದರು.

ಅವಳು ಬರಲಿಲ್ಲ. ಬರದೇ ಇರಲಿ ಎಂದೇ ಹಾರೈಸುತ್ತ ಕೂತಿದ್ದೆ, ಸುಳ್ಳೇಕೆ ಹೇಳಲಿ.

ಹೊರಬರುವವರನ್ನೆಲ್ಲ ನೋಡಿದೆ. ಗಾಜಿನ ಬಾಗಿಲು ತೆರೆದ ಕೂಡಲೇ ಎಲ್ಲರೂ ಒಂದು ಗಳಿಗೆ ನಿಲ್ಲುತ್ತಾರೆ. ಯಾರಾದರೂ ನನ್ನ ಹೆಸರು ಹಿಡಿದು ಕರೆಯಲಿ ಅನ್ನುವ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತಾರೆ. ನಾನು ಎಷ್ಟು ಸುಲಭವಾಗಿ ಕಂಡಿರಬೇಡ ಅವಳಿಗೆ.

ಮಾರ್ಚ್ 15, ಶನಿವಾರ

ಬರೆದೇ ಮಲಗುತ್ತೇನೆ.

ಹನ್ನೊಂದು ಗಂಟೆಗೆ ಬಂದಳು. ಹಸಿರು ಕೋಟಲ್ಲ, ನೀಲಿ. ನಾನು ಗುರುತು ಹಿಡಿಯಲೇ ಇಲ್ಲ. ಬೆನ್ನ ಹಿಂದಿನಿಂದ ಆ ದನಿ ಕೇಳಿಸಿತು. "ಏನಮ್ಮಾ, ನಮ್ಮೋರಾ?"

ನನಗಲ್ಲ. ಎದೆಗೆ ಕೂಸು ಕಟ್ಟಿಕೊಂಡ ಒಬ್ಬ ಚಿಕ್ಕ ವಯಸ್ಸಿನ ತಾಯಿಗೆ. ಆ ಹುಡುಗಿಯ ಮುಖ ಅರಳಿದ್ದನ್ನು ನೋಡಿದೆ. ನನ್ನ ಮುಖವೂ ಹಾಗೇ ಅರಳಿರಬೇಕು.

ವಸ್ತ್ರ ತೆಗೆದೆ. ಕಂಬದ ಹತ್ತಿರದ ಪೊಲೀಸು ಫೋನಿನಲ್ಲಿ ಮಾತಾಡುತ್ತ ಆ ಕಡೆ ತಿರುಗಿದ್ದ. ಇನ್ನೊಬ್ಬ ಕಾಣಲೇ ಇಲ್ಲ. ಮತ್ತೆ ಹಾಕಿಕೊಂಡು ಮತ್ತೆ ತೆಗೆದೆ. ಅಷ್ಟರಲ್ಲಿ ಅವಳು ಹುಡುಗಿಯ ಪೆಟ್ಟಿಗೆ ತಳ್ಳುತ್ತ ಹೊರಟಾಗಿತ್ತು. ಹುಡುಗಿ ಚೀಲದಿಂದ ಪಾಸ್‌ಪೋರ್ಟ್ ತೆಗೆಯುತ್ತಿದ್ದಳು. ಕಾರುಗಳ ಕಟ್ಟಡದ ಹಿಂದೆ ಹೋದರೆ ಮುಗಿಯಿತು.

ನಾನು ಯಾವಾಗ ಎದ್ದೆ ಎಂದು ಗೊತ್ತಿಲ್ಲ. ಅವರ ಎದುರಿಗೆ ನಿಂತಿದ್ದೆ. ಹುಡುಗಿಗೆ ಹೇಳಿದೆ, "ಪಾಸ್‌ಪೋರ್ಟ್ ಕೊಡ್ಬೇಡಮ್ಮ. ನಾನು ಕೊಟ್ಟು ಕೆಟ್ಟೆ."

ನೀಲಿ ಕೋಟಿನವಳು ನನ್ನನ್ನು ನೋಡಿದಳು. ಬೆಚ್ಚಲಿಲ್ಲ. ನಗುತ್ತಲೇ ಹತ್ತಿರ ಬಂದು, ಪಕ್ಕದ ಮನೆಯವಳ ಯೋಗಕ್ಷೇಮ ಕೇಳುವ ಹಾಗೆ ಮೆಲ್ಲಗೆ ಕೇಳಿದಳು. "ನಿಮ್ಮಕ್ಕ ಮೂರನೇ ವಾರ್ಡಲ್ಲೇ ಇದಾರಲ್ವಾ? ಒಬ್ರೇ ಇದಾರಾ ಈಗ?"

ಎಲ್ಲ ನಾನೇ ಹೇಳಿದ್ದೆ, ಮೊದಲ ದಿನ, ಅಳುತ್ತ. ಬೀಳುತ್ತೇನೆ ಅನ್ನಿಸಿ ಕೈಗೆ ಸಿಕ್ಕಿದ್ದನ್ನು ಹಿಡಿದೆ. ಸಿಕ್ಕಿದ್ದು ಅವಳ ಕೋಟಿನ ತೋಳು. ಎರಡೂ ಕೈಯಲ್ಲಿ ಹಿಡಿದೆ. ಅವಳು ಜಗ್ಗಿದಳು, ಚಿವುಟಿದಳು, ಉಗುರಿನಿಂದ ಪರಚಿದಳು. ಗಟ್ಟಿಯಾದ ಪ್ಲಾಸ್ಟರಿನ ಅಚ್ಚಿನಿಂದ ಸೆಟ್ಟು ಬಿಡಿಸಿ ಬಿಡಿಸಿ ಪಳಗಿದ ಬೆರಳುಗಳು ಇವು, ನಾನು ಬಿಡು ಅಂದರೂ ಬಿಡುತ್ತಿರಲಿಲ್ಲವೇನೋ. ಕೂಸು ಕಿರುಚಿಕೊಂಡಿತು. ಆ ಸದ್ದಿಗೆ ಪೊಲೀಸರು ತಿರುಗಿದರು.

ಅವಳ ಚೀಲದಲ್ಲಿ ನನ್ನ ಪಾಸ್‌ಪೋರ್ಟ್ ಇತ್ತು. ಇನ್ನೂ ನಾಲ್ಕು ಜನರದ್ದು ಇತ್ತು. ಕೊರಳಿನ ಕಾರ್ಡು ಯಾವುದೋ ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸಿದ್ದಂತೆ.

ಕಚೇರಿಯಲ್ಲಿ ಕೂರಿಸಿದ ಮೇಲೆ ಅವಳು ಅತ್ತಳು. ನಮ್ಮ ಮಾತಿನಲ್ಲಿ, ನನಗೊಬ್ಬಳಿಗೇ ಅರ್ಥವಾಗುವ ಹಾಗೆ, "ನನ್ನ ಪಾಸ್‌ಪೋರ್ಟೂ ಆ ಲಾಡ್ಜಿನವನ ಹತ್ರಾನೇ ಇದೆ ಅಕ್ಕಾ. ಆರು ವರ್ಷ ಆಯ್ತು" ಅಂದಳು.

ನಿಜವೋ, ಇದೂ ಒಂದು ನಾಟಕವೋ ತಿಳಿಯಲಿಲ್ಲ. ಒಮ್ಮೆ ನಂಬಿ ಕೆಟ್ಟಿದ್ದೇನೆ. ಆದರೂ ಕನ್ನಡಕದ ಅಧಿಕಾರಿಗೆ ನನ್ನ ಅರೆಬರೆ ಇಂಗ್ಲಿಷಿನಲ್ಲಿ ಅದನ್ನೂ ಹೇಳಿ ಬರೆಸಿಯೇ ಎದ್ದೆ. ಅವನಿಗೆ ಅದನ್ನು ಬರೆದುಕೊಳ್ಳಲು ಮನಸ್ಸಿರಲಿಲ್ಲ. ಬರೆಯುವವರೆಗೆ ನಾನು ನನ್ನ ಹೇಳಿಕೆಗೆ ಸಹಿ ಹಾಕಲಿಲ್ಲ.

ಮಾರ್ಚ್ 16, ಭಾನುವಾರ

ವಾರ್ಡಿನ ಬಾಗಿಲು ತೆರೆದಾಗೆಲ್ಲ ಎದ್ದು ನಿಂತು ನೋಡುತ್ತೇನೆ. ಅವಳಿಗೆ ಯಾರು ಯಾರು ಇದ್ದಾರೋ, ಯಾರನ್ನು ಕಳಿಸುತ್ತಾಳೋ. ಅಕ್ಕನ ಮಂಚವನ್ನು ನರ್ಸಮ್ಮನ ಮೇಜಿನ ಎದುರಿಗೆ ಹಾಕಿಸಿದೆ. ಮೊದಲು ಆಗುವುದಿಲ್ಲ ಅಂದರು, ಆಮೇಲೆ ಹಾಕಿದರು.

ಬಸ್ಸಿನಿಂದ ನನ್ನ ಹಿಂದೆಯೇ ಇಳಿದವನು ಯಾರು?

ಮಾರ್ಚ್ 19, ಬುಧವಾರ

ಬೆಳಿಗ್ಗೆ ಲಾಡ್ಜಿಗೆ ಹೋಗಿಬಂದೆ. ಕಸ ಗುಡಿಸುವಾಕೆಯ ಕೆಲಸ ನನ್ನಿಂದ ಹೋಯಿತೇನೋ ಎಂಬ ಚಿಂತೆ ಬಿಟ್ಟಿರಲಿಲ್ಲ. ಇದ್ದಳು, ಮುಂಬಾಗಿಲಲ್ಲೇ ಗುಡಿಸುತ್ತಿದ್ದಳು. ಕೌಂಟರಿನಲ್ಲಿ ಬೇರೆ ಯಾರೋ. ಹಳಬನನ್ನು ಪೊಲೀಸರು ಎಳೆದುಕೊಂಡು ಹೋದರು ಎಂದು ಕುತ್ತಿಗೆ ಪಟ್ಟಿ ಹಿಡಿದು ಎಳೆಯುವ ಹಾಗೆ ನಟಿಸಿ ತೋರಿಸಿದಳು. ನಾನು ನನ್ನ ಪಾಸ್‌ಪೋರ್ಟ್ ತೆರೆದು ತೋರಿಸಿದೆ. ಅದರೊಳಗಿನ ನನ್ನ ಫೋಟೊ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುವಂಥದ್ದೇ ಅದು, ಕಟುಕನನ್ನು ಕಂಡ ಕುರಿಯ ಹಾಗಿದ್ದೇನೆ.

ವಾಪಸ್ ಬರುವಾಗ ಬಸ್ಸಿನವನು ಚಿಲ್ಲರೆ ಕಡಿಮೆ ಕೊಟ್ಟ. ಕೇಳಿ ಇಸಿದುಕೊಂಡೆ. ಅಕ್ಕನಿಗೆ ಔಷಧಿಯ ಹೊತ್ತು ಮೀರುತ್ತಿತ್ತು.

ಅಕ್ಕ ಇವತ್ತು ಬಲಗಾಲಿನ ಹೆಬ್ಬೆರಳು ಅಲ್ಲಾಡಿಸಿದಳು. ಮಾತು ಇಲ್ಲ. ಬರದೇ ಇರಬಹುದು, ಅದಕ್ಕೂ ಸಿದ್ಧರಾಗಿರಿ ಎಂದರು ಡಾಕ್ಟರು. ಅದು ಕೇಳಿದಾಗಿನಿಂದ ಬೇರೆ ಹೆದರಿಕೆಗಳು ಚಿಕ್ಕವಾಗಿವೆ. ಇದೊಂದು ಉಳಿದಿದೆ.

ಮಾರ್ಚ್ 24, ಸೋಮವಾರ

ನಡುವಿನ ಏರ್‌ಪೋರ್ಟಿನಲ್ಲಿದ್ದೇವೆ. ಇನ್ನು ಎರಡು ಗಂಟೆಗೆ ನಮ್ಮ ವಿಮಾನ. ಅಕ್ಕ ಗಾಲಿಕುರ್ಚಿಯಲ್ಲಿ, ನಾನು ಪಕ್ಕದ ಬೆಂಚಿನಲ್ಲಿ. ಇದನ್ನು ಈಗಲೇ ಬರೆದಿಡಬೇಕು.

ವಿಮಾನದಿಂದ ನಮ್ಮನ್ನು ಇಳಿಸಿದವರು, ಇಲ್ಲೇ ಇರಿ, ನಮ್ಮವರು ಬಂದು ಮುಂದಿನ ಗೇಟಿಗೆ ಒಯ್ಯುತ್ತಾರೆ ಎಂದು ಹೇಳಿ ಹೋದರು. ಗಾಲಿಕುರ್ಚಿ ಟಿಕೆಟ್ಟಿನಲ್ಲೇ ಸೇರಿದೆ, ಬರೆದಿದೆ. ಸ್ವಲ್ಪ ಹೊತ್ತಿಗೆ ಹಳದಿ ಜಾಕೀಟಿನ ಒಬ್ಬ ಗಂಡಸು ಬಂದ, ಹೇಳದೆ ಕೇಳದೆ ಅಕ್ಕನ ಕುರ್ಚಿ ತಳ್ಳಲು ಶುರು ಮಾಡಿದ. ನಾನು ಎರಡು ಚೀಲ ಹೊತ್ತು ಹಿಂದೆ ಓಡಿದೆ. ಅರ್ಧ ದಾರಿಯಲ್ಲಿ ನಿಲ್ಲಿಸಿ ಕೈ ಚಾಚಿದ. ಮುಂದಿನ ಗೇಟು ಬಹಳ ದೂರವಂತೆ, ದುಡ್ಡು ಕೊಟ್ಟರೆ ಒಯ್ಯುತ್ತಾನಂತೆ, ಇಲ್ಲದಿದ್ದರೆ ನಾವು ಇಲ್ಲೇ ಉಳಿಯಬೇಕಂತೆ. ವಿಮಾನ ತಪ್ಪುತ್ತದೆ ಎಂದು ಗಡಿಯಾರ ತಟ್ಟಿ ತೋರಿಸಿದ. ನೋಡಿದರೆ ಸುತ್ತ ಒಂದು ಬೋರ್ಡೂ ಇಲ್ಲದ ಉದ್ದನೆಯ ದಾರಿ.

ಚೀಲ ಎರಡನ್ನೂ ನೆಲಕ್ಕಿಟ್ಟು, ಗಾಲಿಗೆ ನನ್ನ ಕಾಲು ಅಡ್ಡ ಕೊಟ್ಟು ನಿಂತೆ. ಇಂಗ್ಲಿಷಿನಲ್ಲಿ ಹೇಳಲು ಹೋದೆ, ಒಂದು ಪದವೂ ನೆನಪಾಗಲಿಲ್ಲ. ನಮ್ಮ ಮಾತಿನಲ್ಲೇ ಶುರು ಮಾಡಿದೆ. ರೇಟು ಎಲ್ಲಿ ಬರೆದಿದೆ ತೋರಿಸು ಅಂದೆ. ನಿನ್ನ ಕಾರ್ಡು ತೋರಿಸು, ನಿನ್ನ ಸಾಹೇಬನನ್ನು ಕರಿ, ನಾವು ಇಲ್ಲಿಂದ ಅಲ್ಲಾಡುವುದಿಲ್ಲ ಅಂದೆ. ಇನ್ನೂ ಏನೇನೋ ಅಂದೆ, ಹೆದರಿದಾಗ ನನಗೆ ಬಾಯಿ ನಿಲ್ಲುವುದಿಲ್ಲ. ಹೋಗುವವರು ನಿಂತು ನೋಡತೊಡಗಿದರು. ಅವನು ಕೇಳಿದ್ದನ್ನು ಅರ್ಧಕ್ಕಿಳಿಸಿದ. ಆಮೇಲೆ ಕಾಲು ಭಾಗಕ್ಕೆ ಇಳಿಸಿದ. ಆಮೇಲೆ ಕೈಬೀಸಿ ಬಂದ ದಾರಿ ಹಿಡಿದ. ನಾನು ಅವನ ಬೆನ್ನಿಗೂ ಬೈಯುತ್ತಲೇ ಇದ್ದೆ.

"ಸಾಕು. ಬಾಯ್ಮುಚ್ಚೇ."

ಯಾರು ಅಂದದ್ದು ಎಂದು ಸುತ್ತಲೂ ನೋಡಿದೆ. ನಮ್ಮ ಮಾತಾಡುವವರು ಅಲ್ಲಿ ಇನ್ಯಾರಿದ್ದಾರೆ? ಕೆಳಗೆ ನೋಡಿದರೆ ಅಕ್ಕ. ನಾಲ್ಕು ಜನರೆದುರು ನಾನು ಜಗಳಕ್ಕೆ ನಿಂತದ್ದಕ್ಕೆ ಅವಳಿಗೆ ನಾಚಿಕೆ, ಕಿವಿಯೆಲ್ಲ ಕೆಂಪು. ಇಪ್ಪತ್ಮೂರು ದಿನವಾಗಿತ್ತು ಅವಳ ದನಿ ಕೇಳಿ. ಮಾತು ತೊದಲಿತ್ತು, 'ಮು' ಅನ್ನುವಲ್ಲಿ ತುಟಿ ಕೂಡಲಿಲ್ಲ. ಆದರೆ ಸಿಟ್ಟು ಮಾತ್ರ ಸಂಪೂರ್ಣ ಅವಳದೇ.

ಮಂಡಿಯೂರಿ ಕೂತು, ಇನ್ನೊಂದು ಸಲ ಹೇಳೇ ಎಂದೆ. ಹೇಳಲಿಲ್ಲ. ಬೇಡಿಕೊಂಡೆ. ಕಣ್ಣು ಮುಚ್ಚಿಕೊಂಡಳು. ಆಮೇಲೆ ಏರ್‌ಲೈನಿನ ಹುಡುಗಿ ಓಡುತ್ತ ಬಂದು ಕ್ಷಮಿಸಿ ಎಂದು ಇಲ್ಲಿಗೆ ತಂದು ಬಿಟ್ಟಳು. ಗೇಟು ಅಷ್ಟೇನೂ ದೂರವಿರಲಿಲ್ಲ.

ಇದೇ ನಮ್ಮ ಗೇಟು ಹೌದೋ ಅಲ್ಲವೋ ಎಂದು ಎದ್ದು ಹೋಗಿ ಇನ್ನೊಮ್ಮೆ ಕೇಳಿಬರಬೇಕು. ಆದರೆ ಏಳಲು ಮನಸ್ಸಿಲ್ಲ. ಅವಳ ತುಟಿ ಆಗಾಗ ಅಲುಗುತ್ತಿದೆ. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೇನೆ.